ರೈಟರ್‌ನಲ್ಲಿ ಜಪಾನಿ ಯಾಕೆ ಮೂಡುತ್ತಿಲ್ಲ?

ಈ ಸಲ ಲಿನಕ್ಸ್ ಮತ್ತು ಜಪಾನಿ ಭಾಷೆಯ ಪತ್ರಗಳೇ ಜಾಸ್ತಿ ಬಂದಿವೆ. ಹಾಗಾಗಿ ಪ್ರಿಂಟರ್, ವೈಫೈ, ಮರೆತ ಪಾಸ್‌ವರ್ಡ್ ಎಲ್ಲ ಮುಂದಿನ ಸಲಕ್ಕೆ. ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ನೀವು ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಟೈಪ್ ಮಾಡಿ.

ಪ್ರಶ್ನೆ: ಅಕ್ಕಾರೇ, ನಮಸ್ಕಾರ. ನಾನು ಉದ್ಯಮಬಾಗದ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿದ್ದೇನೆ. ಹೈಡ್ರಾಲಿಕ್ ಬಿಡಿಭಾಗ ಮಾಡುತ್ತೇವೆ. ಜಪಾನಿನ ಗಿರಾಕಿಯೊಬ್ಬರು ಸಿಕ್ಕಿದ್ದಾರೆ. ನಾನು ಜಪಾನಿ ಕಲಿತು ಎನ್4 ಪರೀಕ್ಷೆ ಪಾಸಾಗಿದ್ದೇನೆ. ಡ್ರಾಯಿಂಗ್ ಜೊತೆ ಹೋಗುವ ಸಣ್ಣ ಟಿಪ್ಪಣಿಗಳನ್ನು ಜಪಾನಿಯಲ್ಲೇ ಬರೆಯಬೇಕು ಅಂತ ನಮ್ಮ ಸಾಹೇಬರ ಆಸೆ. ಆಫೀಸಿನ ಕಂಪ್ಯೂಟರ್‌ಗಳಲ್ಲಿ ಈಗ ಉಬುಂಟು ಲಿನಕ್ಸ್ ಇದೆ. ಸೆಟ್ಟಿಂಗ್ಸ್‌ನಲ್ಲಿ ಜಪಾನೀಸ್ ಸೇರಿಸಿದೆ. ಮೇಲೆ ‘ಜೆಎ’ ಅಂತಲೂ ಬರುತ್ತದೆ. ಆದರೆ ಪತ್ರ ಬರೆಯುವ ಪ್ರೋಗ್ರಾಂ ಲಿಬ್ರೆ ಆಫೀಸ್ ರೈಟರ್‌ನಲ್ಲಿ ಟೈಪ್ ಮಾಡಿದರೆ ಇಂಗ್ಲಿಷೇ ಬೀಳುತ್ತದೆ. ಚಿಹ್ನೆಗಳು ಬೇರೆ ಅದಲುಬದಲಾಗಿವೆ. ರೈಟರ್ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದೆ. ಏನೂ ಆಗಲಿಲ್ಲ.
— ಓದುಗಳು, ಬೆಳಗಾವಿ

ಉತ್ತರ: ತಂಗಿ, ರೈಟರ್ ಪಾಪದ್ದು. ಅದನ್ನು ಎಷ್ಟು ಸಲ ತೆಗೆದು ಹಾಕಿದರೂ ಇದು ಸರಿಹೋಗುವುದಿಲ್ಲ. ಜಪಾನಿ ಅಕ್ಷರ ತಯಾರಾಗುವ ಜಾಗ ರೈಟರ್ ಅಲ್ಲವೇ ಅಲ್ಲ. ಅದರ ಕೈಗೆ ಬರುವ ಹೊತ್ತಿಗೆ ಅಕ್ಷರ ತಯಾರಾಗಿಯೇ ಬಂದಿರಬೇಕು.

ನೀವು ಸೇರಿಸಿದ್ದು ಬರೀ ಕೀಬೋರ್ಡ್ ಲೇಔಟ್. ಜಪಾನಿನಲ್ಲಿ ಮಾರುವ ಕೀಬೋರ್ಡಿನ ಯಾವ ಗುಂಡಿಯಲ್ಲಿ ಯಾವ ಚಿಹ್ನೆ ಇದೆ ಅಂತ ಹೇಳುವ ನಕ್ಷೆ ಅದು, ಅಷ್ಟೇ. ಅದಕ್ಕೇ ಶಿಫ್ಟ್ ಹಿಡಿದು 2 ಒತ್ತಿದರೆ ಇಮೇಲಿನ ಆಟ್ ಚಿಹ್ನೆಯ ಬದಲು ಉದ್ಧರಣ ಚಿಹ್ನೆ ಬರುತ್ತಿರಬೇಕು. ಖಾನಾಪುರದ ಬಸ್ಸಿಗೆ ಗೋಕಾಕದ ಬೋರ್ಡು ಹಾಕಿದ ಹಾಗೆ ಇದು. ಬಸ್ಸು ಹೋಗುವುದು ಖಾನಾಪುರಕ್ಕೇ. ನಿಮಗೆ ಬೇಕಾದದ್ದು ಇನ್‌ಪುಟ್ ಮೆಥಡ್ ಎಂಬ ಬೇರೆಯೇ ಒಂದು ಪ್ರೋಗ್ರಾಂ.

ಕನ್ನಡ ಟೈಪ್ ಮಾಡುವ ನಮಗೆ ಇದು ಥಟ್ಟನೆ ಹೊಳೆಯುವುದಿಲ್ಲ. ಕನ್ನಡದಲ್ಲಿ ಯಾವ ಗುಂಡಿ ಒತ್ತಿದರೆ ಯಾವ ಅಕ್ಷರ ಅನ್ನುವುದು ಮೊದಲೇ ತೀರ್ಮಾನ ಆಗಿದೆ. ಕಂಪ್ಯೂಟರ್‌ಗೆ ಯೋಚನೆ ಮಾಡುವ ಕೆಲಸ ಇಲ್ಲ. ಜಪಾನಿಯಲ್ಲಿ ಹಾಗಲ್ಲ. ಹಿರಗಾನ, ಕತಕಾನ ಎಂಬ ಎರಡು ಅಕ್ಷರಮಾಲೆಗಳು, ಒಂದೊಂದರಲ್ಲಿ 46 ಮೂಲ ಅಕ್ಷರ. ಅದರ ಮೇಲೆ ಕಾಂಜಿ. ಜಪಾನ್ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ದಿನಬಳಕೆಯ ಪಟ್ಟಿಯಲ್ಲೇ 2,136 ಕಾಂಜಿಗಳಿವೆ. ಇಷ್ಟಕ್ಕೆಲ್ಲ ಗುಂಡಿ ಎಲ್ಲಿಂದ ತರುವುದು? ಹಾಗಾಗಿ ಮೊದಲು ಉಚ್ಚಾರವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತೀರಿ. ಅದು ಹಿರಗಾನ ಆಗುತ್ತದೆ, ಕೆಳಗೆ ಒಂದು ಗೆರೆ ಇರುತ್ತದೆ. ಸ್ಪೇಸ್ ಒತ್ತಿದರೆ ಪ್ರೋಗ್ರಾಂ ತನ್ನ ನಿಘಂಟು ನೋಡಿ ಹೊಂದುವ ಕಾಂಜಿಗಳನ್ನು ಮುಂದಿಡುತ್ತದೆ. ಬೇಕಾದ್ದು ಬರುವವರೆಗೆ ಸ್ಪೇಸ್, ಬಂದ ಮೇಲೆ ಎಂಟರ್.

ನಿಮ್ಮ ಡ್ರಾಯಿಂಗನ್ನೇ ತೆಗೆದುಕೊಳ್ಳಿ. ಟಾಲರೆನ್ಸ್‌ಗೆ, ಅಂದರೆ ಅಳತೆ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅನ್ನುವುದಕ್ಕೆ, ಜಪಾನಿಯಲ್ಲಿ ಕೋಸಾ. ಕೆ-ಒ-ಯು-ಎಸ್-ಎ ಒತ್ತಿ ಸ್ಪೇಸ್ ಕೊಟ್ಟರೆ ಪಟ್ಟಿಯಲ್ಲಿ ಟಾಲರೆನ್ಸ್ ಒಂದೇ ಬರುವುದಿಲ್ಲ. ಒಂದನ್ನೊಂದು ಅಡ್ಡ ಹಾಯುವುದಕ್ಕೂ ಅದೇ ಉಚ್ಚಾರ. ಪರೀಕ್ಷೆಗೂ ಅದೇ. ಚೀನಾ ಕಡೆಯಿಂದ ಗಾಳಿಗೆ ಹಾರಿ ಬರುವ ಹಳದಿ ಧೂಳಿಗೂ ಅದೇ. ನೋಡದೆ ಎಂಟರ್ ಒತ್ತಿದರೆ ಶಾಫ್ಟಿನ ವ್ಯಾಸದ ಪಕ್ಕದಲ್ಲಿ ಧೂಳು ಬಂದು ಕೂರುತ್ತದೆ! ಒಂದು ಸಮಾಧಾನ ಏನೆಂದರೆ, ನೀವು ಆರಿಸಿದ್ದನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಸ್ವಲ್ಪ ದಿನ ಕೆಲಸ ಮಾಡಿದರೆ ಟಾಲರೆನ್ಸ್ ತಾನಾಗಿ ಪಟ್ಟಿಯ ಮೇಲಕ್ಕೆ ಬರುತ್ತದೆ.

ಹೀಗೆ ಉಚ್ಚಾರದಿಂದ ಕಾಂಜಿಗೆ ಬದಲಿಸುವ ಮೊದಲ ಜಪಾನಿ ವರ್ಡ್ ಪ್ರೊಸೆಸರ್ ಅನ್ನು ತೋಷಿಬಾ ಕಂಪನಿ 1978ರಲ್ಲಿ ಜನರ ಮುಂದಿಟ್ಟಿತು. ಜೆಡಬ್ಲ್ಯು-10 ಅಂತ ಹೆಸರು. ಒಂದು ಮೇಜಿನಷ್ಟು ದೊಡ್ಡದು, ಬೆಲೆ 63 ಲಕ್ಷ ಯೆನ್. ಇವತ್ತು ಅದೇ ಕೆಲಸ ಮಾಡುವ ಮೊಜ್ಕ್ ಪುಕ್ಕಟೆ ಸಿಗುತ್ತದೆ. ಗೂಗಲ್‌ನವರ ಜಪಾನಿ ಇನ್‌ಪುಟ್ ಇದೆಯಲ್ಲ, ಅದರ ಮುಕ್ತ ರೂಪ ಇದು. 2010ರಲ್ಲಿ ಹೊರಗೆ ಬಂತು. ಆಂಥಿ ಅಂತ ಇನ್ನೊಂದು ಇದೆ, ಹಳೆಯದು. ಯಾವುದು ಹಾಕಲಿ ಅಂತ ಯಾರಾದರೂ ಕೇಳಿದರೆ ನಾನು ಮೊಜ್ಕ್ ಅನ್ನುತ್ತೇನೆ. ಅದರ ಊಹೆ ಚೆನ್ನಾಗಿದೆ.

ಈಗ ಕೆಲಸಕ್ಕೆ ಬರೋಣ. ಟರ್ಮಿನಲ್ ತೆರೆದು ‘ಸುಡೋ ಆಪ್ಟ್ ಇನ್‌ಸ್ಟಾಲ್ ಐಬಸ್-ಮೊಜ್ಕ್’ ಕೊಡಿ. ಐಬಸ್ ಅಂದರೆ ಐ-ಬಿ-ಯು-ಎಸ್, ಮೊಜ್ಕ್ ಅಂದರೆ ಎಂ-ಒ-ಝಡ್-ಸಿ, ನಡುವೆ ಹೈಫನ್. ಮೊಜ್ಕ್ ತಯಾರಿಸಿದ ಅಕ್ಷರವನ್ನು ಬೇರೆ ಪ್ರೋಗ್ರಾಂಗಳಿಗೆ ತಲುಪಿಸುವ ನಡುವಿನವನು ಐಬಸ್. ಇನ್‌ಸ್ಟಾಲ್ ಆದ ಮೇಲೆ ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗಲೇಬೇಕು. ಇದನ್ನು ಬಿಡುವವರೇ ಜಾಸ್ತಿ. ಆಮೇಲೆ ‘ಪಟ್ಟಿಯಲ್ಲಿ ಮೊಜ್ಕ್ ಕಾಣಿಸುತ್ತಿಲ್ಲ’ ಅಂತ ಫೋನ್ ಮಾಡುವವರೂ ಅವರೇ. ಬಳಿಕ ಸೆಟ್ಟಿಂಗ್ಸ್, ಕೀಬೋರ್ಡ್, ಇನ್‌ಪುಟ್ ಸೋರ್ಸಸ್. ಪ್ಲಸ್ ಒತ್ತಿ ಜಪಾನೀಸ್ ಆರಿಸಿದರೆ ಒಳಗೆ ಎರಡು ಮೂರು ಸಾಲು ಇರುತ್ತವೆ. ಹೆಸರಿನ ಪಕ್ಕ ಮೊಜ್ಕ್ ಅಂತ ಇರುವುದನ್ನೇ ಸೇರಿಸಿ. ಮೊದಲು ಹಾಕಿದ್ದ ಬರೀ ಜಪಾನೀಸ್ ತೆಗೆದುಬಿಡಿ, ಇಲ್ಲದಿದ್ದರೆ ಭಾಷೆ ಬದಲಿಸುವಾಗಲೆಲ್ಲ ನಡುವೆ ಬಂದು ಕಾಡುತ್ತದೆ. ಬದಲಿಸುವುದಕ್ಕೆ ವಿಂಡೋಸ್ ಚಿತ್ರ ಇರುವ ಗುಂಡಿ ಮತ್ತು ಸ್ಪೇಸ್.

ಇಷ್ಟಾದರೂ ಇಂಗ್ಲಿಷೇ ಬಂದರೆ ಗಾಬರಿ ಬೇಡ. ಮೊಜ್ಕ್ ಎಷ್ಟೋ ಸಲ ‘ಡೈರೆಕ್ಟ್ ಇನ್‌ಪುಟ್’ ಸ್ಥಿತಿಯಲ್ಲೇ ಶುರುವಾಗುತ್ತದೆ. ಅಂದರೆ ಒತ್ತಿದ್ದನ್ನು ಹಾಗೇ ದಾಟಿಸುತ್ತದೆ. ಜಪಾನಿನ ಕೀಬೋರ್ಡಿನಲ್ಲಿ ಇದನ್ನು ಬದಲಿಸುವ ಗುಂಡಿಯೇ ಇದೆ. ನಮ್ಮದರಲ್ಲಿ ಇಲ್ಲ. ಮೇಲಿನ ಪಟ್ಟಿಯಲ್ಲಿ ಮೊಜ್ಕ್ ಮೇಲೆ ಕ್ಲಿಕ್ ಮಾಡಿ, ಇನ್‌ಪುಟ್ ಮೋಡ್‌ಗೆ ಹೋಗಿ ಹಿರಗಾನ ಆರಿಸಿ. ದಿನಾ ಹೀಗೆ ಮಾಡುವುದು ಬೇಸರ ಅನಿಸಿದರೆ, ಹೋಮ್ ಫೋಲ್ಡರ್‌ನ ಡಾಟ್ ಕಾನ್ಫಿಗ್ ಒಳಗೆ ಮೊಜ್ಕ್ ಫೋಲ್ಡರ್ ನೋಡಿ. ಮೊಜ್ಕ್ ಹೊಸದಿದ್ದರೆ ಐಬಸ್ ಕಾನ್ಫಿಗ್ ಅಂತ ಒಂದು ಫೈಲ್ ಇರುತ್ತದೆ. ಅದರಲ್ಲಿ ‘ಆ್ಯಕ್ಟಿವ್ ಆನ್ ಲಾಂಚ್’ ಎಂಬ ಸಾಲಿನ ಮುಂದೆ ಫಾಲ್ಸ್ ಇದ್ದದ್ದನ್ನು ಟ್ರೂ ಮಾಡಿ, ಸೇವ್ ಮಾಡಿ, ಮತ್ತೆ ಲಾಗಿನ್ ಆಗಿ.

ಟೈಪ್ ಮಾಡುವಾಗ ನಮ್ಮ ಕಡೆಯವರು ಸಿಕ್ಕಿಬೀಳುವ ಜಾಗಗಳಿವೆ. ನೀವು ಮೊದಲು ಬರೆಯುವುದು ನಮ್ಮ ಊರಿನ ಹೆಸರೇ ಇರಬೇಕು, ಅಲ್ವಾ? ವಿಳಾಸದಲ್ಲಿ ಬೆಳಗಾವಿ ಅಂತ ಎಲ್ ಹಾಕಿ ಒತ್ತಿ ನೋಡಿ. ನಡುವೆ ಒಂದು ಪುಟಾಣಿ ಅಕ್ಷರ ಕೂರುತ್ತದೆ. ಜಪಾನಿಯಲ್ಲಿ ಲ-ಳ ಇಲ್ಲ, ಎಲ್ಲಕ್ಕೂ ರ. ಕೆಲಸವಿಲ್ಲದೆ ಕೂತ ಎಲ್ ಗುಂಡಿಗೆ ಸಣ್ಣ ಅಕ್ಷರ ಹಾಕುವ ಕೆಲಸ ಕೊಟ್ಟಿದ್ದಾರೆ. ಹಾಗಾಗಿ ಬಿ-ಇ-ಆರ್-ಎ-ಜಿ-ಎ, ಹೈಫನ್, ವಿ-ಐ. ಹೈಫನ್ ಗುಂಡಿ ದೀರ್ಘಕ್ಕೆ. ಬರೆದ ಮೇಲೆ ಎಫ್7 ಒತ್ತಿದರೆ ಹೊರದೇಶದ ಹೆಸರಿಗೆ ಬಳಸುವ ಕತಕಾನಕ್ಕೆ ಬದಲಾಗುತ್ತದೆ. ಇದನ್ನು ಮೊಜ್ಕ್‌ನ ಡಿಕ್ಷನರಿ ಟೂಲ್‌ನಲ್ಲಿ ಒಂದು ಸಲ ಸೇರಿಸಿಡಿ. ‘ಬೆರ’ ಎಂದು ಒತ್ತಿದರೆ ಊರಿನ ಪೂರ್ತಿ ಹೆಸರು ಬರುವ ಹಾಗೆ ಮಾಡಿಕೊಳ್ಳಬಹುದು. ಕಾರ್ಖಾನೆಯ ಹೆಸರು, ಸಾಹೇಬರ ಹೆಸರು ಅದರಲ್ಲೇ ಇರಲಿ.

ಎನ್ ಗುಂಡಿಯದು ಇನ್ನೊಂದು ಗೋಳು. ‘ಕೊನ್ನಿಚಿವಾ’ ಬರೆಯುವುದಕ್ಕೆ ಎರಡು ಎನ್ ಒತ್ತಿದರೆ ಎರಡೂ ಸೇರಿ ಒಂದೇ ಅನುನಾಸಿಕ ಆಗಿ, ಮುಂದಿನ ‘ನಿ’ ಬರೀ ‘ಇ’ ಆಗುತ್ತದೆ. ಮೂರು ಎನ್ ಬೇಕು. ಕೊನೆಯ ‘ವಾ’ಗೆ ಎಚ್-ಎ. ನೀವು ಎನ್4 ಆದವರು, ಅದು ಯಾಕೆ ಅಂತ ಗೊತ್ತೇ ಇದೆ.

ಅಳತೆಗಳ ವಿಷಯದಲ್ಲಿ ಮಾತ್ರ ಹುಷಾರು. ಹಿರಗಾನ ಸ್ಥಿತಿಯಲ್ಲಿ ಅಂಕಿ ಒತ್ತಿದರೆ ಕಾಂಜಿಯಷ್ಟೇ ಅಗಲದ ಅಂಕಿ ಬೀಳುತ್ತದೆ. ಸ್ಪೇಸೂ ಅಗಲವೇ. ಕಣ್ಣಿಗೆ 25 ಕಂಡರೂ ಕಂಪ್ಯೂಟರ್‌ಗೆ ಅದು ನಾವು ಬರೆಯುವ 25 ಅಲ್ಲ. ಗೆರೆ ಇನ್ನೂ ಕೆಳಗಿರುವಾಗಲೇ ಎಫ್10 ಒತ್ತಿದರೆ ಮಾಮೂಲಿ ಅಂಕಿ ಆಗುತ್ತದೆ. ಡ್ರಾಯಿಂಗ್ ಟಿಪ್ಪಣಿಯಲ್ಲಿ ಎಲ್ಲ ಅಂಕಿಯೂ ಮಾಮೂಲಿ ಅಗಲದಲ್ಲೇ ಇರಲಿ ಅನ್ನುವುದು ನನ್ನ ಸಲಹೆ.

ಇಷ್ಟನ್ನೂ ಮೊದಲು ಟೆಕ್ಸ್ಟ್ ಎಡಿಟರ್‌ನಲ್ಲಿ ಮಾಡಿ ನೋಡಿ. ರೈಟರ್ ತೆರೆಯಲೇಬೇಡಿ. ಎಡಿಟರ್‌ನಲ್ಲಿ ಬರದಿದ್ದರೆ ತೊಂದರೆ ಐಬಸ್‌ನಲ್ಲೋ ಮೊಜ್ಕ್‌ನಲ್ಲೋ ಇದೆ. ಅಲ್ಲಿ ಬಂದು ರೈಟರ್‌ನಲ್ಲಿ ಬರದಿದ್ದರೆ ಆಗ ಮಾತ್ರ ಲಿಬ್ರೆ ಆಫೀಸಿನ ಮೇಲೆ ಅನುಮಾನ ಪಡಿ. ಅಂಥ ಪತ್ರವೂ ಒಂದು ಬಂದಿದೆ, ಕೆಳಗಿದೆ.

ಪ್ರಶ್ನೆ: ಮೇಡಂ, ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಅನಿಮೆ ನೋಡಿ ಜಪಾನಿ ಹುಚ್ಚು ಹಿಡಿದಿದೆ. ಹಳೆ ಲ್ಯಾಪ್‌ಟಾಪಿಗೆ ಡೆಬಿಯನ್ ಲಿನಕ್ಸ್ ಹಾಕಿ, ಜಾಗ ಉಳಿಸಲು ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಮತ್ತು ಲಿಬ್ರೆ ಆಫೀಸ್‌ನ ರೈಟರ್, ಕ್ಯಾಲ್ಕ್ ಮಾತ್ರ ಇನ್‌ಸ್ಟಾಲ್ ಮಾಡಿದ್ದೇನೆ. ಮೊಜ್ಕ್ ಇದೆ. ಎಡಿಟರ್‌ನಲ್ಲಿ, ಬ್ರೌಸರ್‌ನಲ್ಲಿ ಜಪಾನಿ ಚೆನ್ನಾಗಿ ಬರುತ್ತದೆ. ರೈಟರ್‌ನಲ್ಲಿ ಮಾತ್ರ ಇಲ್ಲ. ರೈಟರ್‌ನ ಮೆನುಗಳೂ ಯಾವುದೋ ಹಳೇ ಕಾಲದವರ ಥರ ಕಾಣುತ್ತವೆ.
— ನವನಗರ, ಬಾಗಲಕೋಟೆ

ಉತ್ತರ: ಮೆನು ಹಳೇ ಕಾಲದ್ದು ಅಂತ ಬರೆದಿರಲ್ಲ, ಉತ್ತರ ಅದರಲ್ಲೇ ಇದೆ. ಬೇರೆಯವರು ಇಂಥದ್ದನ್ನು ಬರೆಯುವುದೇ ಇಲ್ಲ. ‘ಬರ್ತಿಲ್ಲ, ಏನ್ ಮಾಡ್ಲಿ’ ಅಂತ ಒಂದು ಸಾಲು ಕಳಿಸುತ್ತಾರೆ.

ಲಿಬ್ರೆ ಆಫೀಸ್‌ಗೆ ಕಿಟಕಿ, ಮೆನು, ಗುಂಡಿ ಬಿಡಿಸುವುದಕ್ಕೆ ಹಲವು ದಾರಿಗಳಿವೆ. ಗ್ನೋಮ್ ಮತ್ತು ಎಕ್ಸ್‌ಎಫ್‌ಸಿಇಗೆ ಹೊಂದುವುದು ಜಿಟಿಕೆ3. ಕೆಡಿಇ ಎಂಬ ಇನ್ನೊಂದು ಡೆಸ್ಕ್‌ಟಾಪಿಗೆ ಹೊಂದುವುದು ಕ್ಯೂಟಿ ಬಳಸುವ ಕೆಎಫ್5 ಅಥವಾ ಕೆಎಫ್6. ಇವೆರಡೂ ಇಲ್ಲದಿದ್ದರೆ ಹಳೆಯ ಎಕ್ಸ್11 ದಾರಿ ಹಿಡಿಯುತ್ತದೆ. ಮೊಜ್ಕ್‌ನಿಂದ ಬರುವ ಅಕ್ಷರ ರೈಟರ್ ತಲುಪುವುದೂ ಇದೇ ದಾರಿಯಲ್ಲಿ. ನಿಮ್ಮದು ಯಾವುದು ಅಂತ ನೋಡಲು ಹೆಲ್ಪ್ ಮೆನುವಿನಲ್ಲಿ ಕೊನೆಗೆ ಇರುವ ಅಬೌಟ್ ತೆರೆಯಿರಿ. ಅಲ್ಲಿ ವಿಸಿಎಲ್ ಎಂಬ ಮೂರು ಅಕ್ಷರದ ಮುಂದೆ ಬರೆದಿರುತ್ತದೆ. ನಿಮ್ಮಲ್ಲಿ ಎಕ್ಸ್11 ಅಂತ ಇರಬೇಕು.

ನೀವು ಬಿಡಿಬಿಡಿಯಾಗಿ ಇನ್‌ಸ್ಟಾಲ್ ಮಾಡಿದ್ದರಿಂದ ಜಿಟಿಕೆ3 ತುಂಡು ಬಿಟ್ಟುಹೋಗಿದೆ. ‘ಲಿಬ್ರೆಆಫೀಸ್-ಜಿಟಿಕೆ3’ ಎಂಬ ಪ್ಯಾಕೇಜ್ ಹಾಕಿ. ತೆರೆದಿರುವ ರೈಟರ್, ಕ್ಯಾಲ್ಕ್ ಎಲ್ಲ ಮುಚ್ಚಿ. ಒಂದು ಕಿಟಕಿ ಉಳಿದರೂ ಹಳೆಯದೇ ಓಡುತ್ತಿರುತ್ತದೆ. ಮತ್ತೆ ತೆರೆದಾಗ ಮೆನುವಿನ ರೂಪ ಬದಲಾಗಿದ್ದರೆ ಅರ್ಧ ಕೆಲಸ ಆಯಿತು ಅಂತ ಲೆಕ್ಕ.

ಉಳಿದರ್ಧ ಮೂರು ಸಾಲುಗಳು. ಜಿಟಿಕೆ ಐಎಂ ಮಾಡ್ಯೂಲ್, ಕ್ಯೂಟಿ ಐಎಂ ಮಾಡ್ಯೂಲ್, ಎಕ್ಸ್‌ಮಾಡಿಫೈಯರ್ಸ್ ಎಂಬ ಮೂರು ವೇರಿಯಬಲ್‌ಗಳು ‘ಇನ್‌ಪುಟ್ ಬೇಕಾದರೆ ಐಬಸ್ ಹತ್ತಿರ ಹೋಗಿ’ ಅಂತ ಪ್ರೋಗ್ರಾಂಗಳಿಗೆ ಹೇಳುತ್ತವೆ. ಕೈಯಾರೆ ಬರೆಯಬಹುದು. ಆದರೆ ಡೆಬಿಯನ್‌ನಲ್ಲಿ ಐಎಂ-ಕಾನ್ಫಿಗ್ ಅಂತ ಸಣ್ಣ ಸಾಧನ ಇದೆ. ಅದನ್ನು ಓಡಿಸಿ ಐಬಸ್ ಆರಿಸಿ ಲಾಗ್‌ಔಟ್ ಆದರೆ ಮೂರನ್ನೂ ಅದೇ ಬರೆಯುತ್ತದೆ. ಲಿನಕ್ಸ್ ಮಿಂಟ್ ಇರುವವರಿಗೆ ಇದೂ ಬೇಡ. ಮೆನುವಿನಲ್ಲಿ ಇನ್‌ಪುಟ್ ಮೆಥಡ್ ಎಂಬ ಪುಟ ಇದೆ, ಜಪಾನಿ ಆರಿಸಿದರೆ ಏನೇನು ಇನ್‌ಸ್ಟಾಲ್ ಮಾಡಬೇಕು ಅಂತ ಅದೇ ತೋರಿಸುತ್ತದೆ.

ನಿಮ್ಮ ಗೆಳೆಯರು ಯಾರಾದರೂ ‘ಐಬಸ್ ಬಿಡು, ಎಫ್‌ಸಿಐಟಿಎಕ್ಸ್5 ಹಾಕು’ ಅಂತ ಹೇಳಿಯೇ ಹೇಳುತ್ತಾರೆ. ಅದೂ ಒಳ್ಳೆಯದೇ. ಕೆಡಿಇ ಬಳಸುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಅಲ್ಲಿ ಎಕ್ಸ್11 ಬದಲು ಪರದೆ ನೋಡಿಕೊಳ್ಳುವ ಹೊಸ ವ್ಯವಸ್ಥೆ ವೇಲ್ಯಾಂಡ್ ಇದ್ದರೆ ಸಿಸ್ಟಮ್ ಸೆಟ್ಟಿಂಗ್ಸ್‌ನ ವರ್ಚುವಲ್ ಕೀಬೋರ್ಡ್ ಪುಟಕ್ಕೆ ಹೋಗಿ ಎಫ್‌ಸಿಐಟಿಎಕ್ಸ್5 ಆರಿಸಬೇಕು. ಹೆಸರು ನೋಡಿದರೆ ಯಾರಿಗೂ ಅಲ್ಲಿ ಹುಡುಕಬೇಕು ಅನಿಸುವುದಿಲ್ಲ, ಆದರೆ ಇಟ್ಟಿರುವುದು ಅಲ್ಲೇ. ಐಬಸ್, ಎಫ್‌ಸಿಐಟಿಎಕ್ಸ್5 ಎರಡನ್ನೂ ಒಟ್ಟಿಗೆ ಓಡಿಸಬೇಡಿ. ಇನ್ನೊಂದು ಮಾತು. ಎಫ್‌ಸಿಐಟಿಎಕ್ಸ್‌ನಲ್ಲಿ ಭಾಷೆ ಬದಲಿಸುವ ಗುಂಡಿ ಕಂಟ್ರೋಲ್ ಮತ್ತು ಸ್ಪೇಸ್. ಕ್ಯಾಲ್ಕ್‌ನಲ್ಲಿ ಪೂರ್ತಿ ಕಾಲಂ ಆಯ್ಕೆ ಮಾಡುವುದಕ್ಕೂ ಅದೇ. ಕಾಲಂ ಆಯ್ಕೆ ಆಗುವುದು ನಿಂತುಹೋಯಿತು ಅಂತ ಆಮೇಲೆ ಇನ್ನೊಂದು ಪತ್ರ ಬರೆಯುವ ಮೊದಲು ಎಫ್‌ಸಿಐಟಿಎಕ್ಸ್‌ನ ಗುಂಡಿ ಬದಲಿಸಿಕೊಳ್ಳಿ.

ಇದೆಲ್ಲ ಮಾಡಿದ ಮೇಲೂ ಬರದಿದ್ದರೆ ಲಿಬ್ರೆ ಆಫೀಸನ್ನು ಎಲ್ಲಿಂದ ತಂದಿರಿ ಅಂತ ನೋಡಿ. ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್ ರೂಪದಲ್ಲಿ ಬರುವ ಪ್ರೋಗ್ರಾಂ ತನ್ನ ಲೈಬ್ರರಿಗಳನ್ನು ತಾನೇ ಹೊತ್ತು ತರುತ್ತದೆ. ಹೊರಗಿನ ಐಬಸ್ ಜೊತೆ ಅದರ ಮಾತುಕತೆ ಒಮ್ಮೊಮ್ಮೆ ಕಡಿಯುತ್ತದೆ. ಜಪಾನಿ ಬರೆಯುವ ಯಂತ್ರದಲ್ಲಿ ಆಪ್ಟ್‌ನಿಂದ ಬಂದ ಆಫೀಸೇ ಇರಲಿ.

ನಿಮ್ಮ ಊರಿನ ಹೆಸರು ಬರೆಯುವುದು ಬೆಳಗಾವಿಗಿಂತ ಮಜಾ. ಬಿ-ಎ-ಹೈಫನ್-ಜಿ-ಎ-ಆರ್-ಎ-ಕೆ-ಒ-ಹೈಫನ್-ಟಿ-ಇ. ಆಮೇಲೆ ಎಫ್7.

ಪ್ರಶ್ನೆ: ಜಪಾನಿ ಟೈಪ್ ಮಾಡಲು ಜಪಾನಿ ಕೀಬೋರ್ಡೇ ಕೊಳ್ಳಬೇಕಾ?
— ಗೋಕಾಕ

ಉತ್ತರ: ಬೇಡ. ಜಪಾನಿನಲ್ಲೂ ಬಹಳ ಜನ ಇಂಗ್ಲಿಷ್ ಅಕ್ಷರದಲ್ಲೇ ಒತ್ತುತ್ತಾರೆ.

ಪ್ರಶ್ನೆ: ಬಾದಾಮಿಯಲ್ಲಿ ನಮ್ಮದೊಂದು ಹೋಮ್‌ಸ್ಟೇ ಇದೆ. ಗುಹೆ, ಪಟ್ಟದಕಲ್ಲು, ಐಹೊಳೆ ನೋಡಲು ಜಪಾನಿನವರೂ ಬರುತ್ತಾರೆ. ಬಿಸಿನೀರು ಎಷ್ಟು ಹೊತ್ತಿಗೆ, ಊಟ ಎಷ್ಟು ಹೊತ್ತಿಗೆ, ಮಂಗಗಳಿಂದ ಹುಷಾರು ಅಂತೆಲ್ಲ ಒಂದು ಹಾಳೆ ಮಾಡಿದೆ. ಕನ್ನಡ, ಇಂಗ್ಲಿಷ್, ಜಪಾನಿ ಮೂರೂ ಇವೆ. ಜಪಾನಿ ಜಾಗದಲ್ಲಿ ಮೊದಲು ಬರೀ ಚೌಕಗಳು ಕಂಡವು. ಮಗ ಏನೋ ಫಾಂಟ್ ಹಾಕಿಕೊಟ್ಟ ಮೇಲೆ ಅಕ್ಷರ ಬಂದವು. ಆದರೆ ಅತಿಥಿಯೊಬ್ಬರು ‘ಇದು ಚೀನೀ ಥರ ಇದೆ’ ಅಂತ ನಕ್ಕರು. ಎಲ್ಲ ಸೆಲೆಕ್ಟ್ ಮಾಡಿ ಫಾಂಟ್ ಬದಲಿಸಿದರೂ ಜಪಾನಿ ಮಾತ್ರ ಹಾಗೇ ಇದೆ.
— ಬಾದಾಮಿ

ಉತ್ತರ: ಅಣ್ಣಾ, ಚೌಕ ಬಂದರೆ ಅಕ್ಷರ ಸರಿ ಇದೆ, ಫಾಂಟ್ ಇಲ್ಲ ಅಂತ ಅರ್ಥ. ಮಗ ಮಾಡಿದ್ದು ಸರಿಯೇ. ‘ಫಾಂಟ್ಸ್-ನೋಟೊ-ಸಿಜೆಕೆ’ ಎಂಬ ಪ್ಯಾಕೇಜ್ ಹಾಕಿರಬೇಕು. ಅದರಲ್ಲಿ ಚೀನೀ, ಜಪಾನಿ, ಕೊರಿಯನ್ ಮೂರಕ್ಕೂ ಅಕ್ಷರಗಳಿವೆ. ತೊಡಕು ಇರುವುದೂ ಅಲ್ಲೇ. ಚೀನೀ ಮತ್ತು ಜಪಾನಿ ಎರಡರಲ್ಲೂ ಬಳಸುವ ಎಷ್ಟೋ ಅಕ್ಷರಗಳಿಗೆ ಯೂನಿಕೋಡ್ ಒಂದೇ ಸಂಖ್ಯೆ ಕೊಟ್ಟಿದೆ. ರೂಪ ಮಾತ್ರ ಸ್ವಲ್ಪ ಬೇರೆ. ಎಲುಬು ಎಂಬ ಅರ್ಥದ ಕಾಂಜಿಯಲ್ಲಿ ಒಳಗಿನ ಪುಟ್ಟ ಮೂಲೆ ಜಪಾನಿಯಲ್ಲಿ ಒಂದು ಕಡೆಗೆ, ಚೀನಾದಲ್ಲಿ ಇನ್ನೊಂದು ಕಡೆಗೆ ತಿರುಗಿರುತ್ತದೆ. ಯಾವ ರೂಪ ಬೇಕು ಅಂತ ನೀವು ಹೇಳದಿದ್ದರೆ ಕಂಪ್ಯೂಟರ್ ತನಗೆ ಸಿಕ್ಕಿದ್ದನ್ನು ಹಾಕುತ್ತದೆ. ಹಾಗಾಗಿ ಫಾಂಟ್ ಪಟ್ಟಿಯಲ್ಲಿ ಹೆಸರಿನ ಕೊನೆಗೆ ಜೆಪಿ ಇರುವ ನೋಟೊ ಸಾನ್ಸ್ ಸಿಜೆಕೆಯನ್ನೇ ಆರಿಸಬೇಕು. ಎಸ್‌ಸಿ, ಟಿಸಿ ಚೀನೀಗೆ, ಕೆಆರ್ ಕೊರಿಯನ್‌ಗೆ.

ಎಲ್ಲ ಸೆಲೆಕ್ಟ್ ಮಾಡಿ ಕನ್ನಡ ಫಾಂಟ್ ಕೊಟ್ಟರೆ ಜಪಾನಿ ಯಾಕೆ ಬದಲಾಗಬೇಕು? ಆ ಫಾಂಟಿನಲ್ಲಿ ಕಾಂಜಿ ಇಲ್ಲವೇ ಇಲ್ಲ. ಲಿಬ್ರೆ ಆಫೀಸ್ ಎಲ್ಲ ಭಾಷೆಗಳನ್ನೂ ಮೂರು ಗುಂಪು ಮಾಡಿಕೊಂಡಿದೆ. ಇಂಗ್ಲಿಷ್ ವೆಸ್ಟರ್ನ್ ಗುಂಪಿನಲ್ಲಿ. ಜಪಾನಿ, ಚೀನೀ, ಕೊರಿಯನ್ ಏಷ್ಯನ್ ಗುಂಪಿನಲ್ಲಿ. ಕನ್ನಡ, ಹಿಂದಿ, ಅರೇಬಿಕ್ ಎಲ್ಲ ಕಾಂಪ್ಲೆಕ್ಸ್ ಗುಂಪಿನಲ್ಲಿ. ನಾವು ಏಷ್ಯಾದವರಾದರೂ ನಮ್ಮ ಭಾಷೆ ಏಷ್ಯನ್ ಅಲ್ಲ! ಮೂರು ಗುಂಪಿಗೂ ಬೇರೆ ಬೇರೆ ಫಾಂಟ್, ಬೇರೆ ಬೇರೆ ಅಳತೆ ಇರುತ್ತದೆ. ನಿಮ್ಮ ಹಾಳೆಗೆ ಮೂರೂ ಬೇಕು.

ಟೂಲ್ಸ್ ಮೆನುವಿನ ಆಪ್ಷನ್ಸ್‌ನಲ್ಲಿ ಲ್ಯಾಂಗ್ವೇಜಸ್ ಪುಟಕ್ಕೆ ಹೋಗಿ. ಹೊಸ ಆವೃತ್ತಿಯಲ್ಲಿ ಅದು ಲ್ಯಾಂಗ್ವೇಜಸ್ ಆ್ಯಂಡ್ ಲೊಕೇಲ್ಸ್ ಒಳಗಿನ ಜನರಲ್. ಅಲ್ಲಿ ಏಷ್ಯನ್ ಮುಂದೆ ಟಿಕ್ ಹಾಕಿ ಜಪಾನೀಸ್ ಕೊಡಿ. ಕಾಂಪ್ಲೆಕ್ಸ್ ಮುಂದೆ ಟಿಕ್ ಹಾಕಿ ಕನ್ನಡ ಕೊಡಿ. ಆಮೇಲೆ ಹಾಳೆಯ ಡೀಫಾಲ್ಟ್ ಪ್ಯಾರಾಗ್ರಾಫ್ ಸ್ಟೈಲ್ ತೆರೆದರೆ ಫಾಂಟ್ ಪುಟದಲ್ಲಿ ಮೂರು ಜಾಗ ಕಾಣುತ್ತವೆ. ಒಂದು ಸಲ ಮೂರನ್ನೂ ತುಂಬಿಬಿಟ್ಟರೆ ಇಡೀ ಹಾಳೆ ಸರಿಹೋಗುತ್ತದೆ. ಸಾಲು ಸಾಲಾಗಿ ಸೆಲೆಕ್ಟ್ ಮಾಡುವ ಕೆಲಸ ಇಲ್ಲ. ಅಂದ ಹಾಗೆ, ಈ ಟಿಕ್ ಹಾಕುವುದಕ್ಕೂ ಟೈಪ್ ಮಾಡುವುದಕ್ಕೂ ಸಂಬಂಧ ಇಲ್ಲ. ಟಿಕ್ ಹಾಕಿದರೆ ಜಪಾನಿ ಇನ್‌ಪುಟ್ ಬರುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಬರುವುದಿಲ್ಲ.

ನನ್ನ ಅಂಗಡಿ ಟಿಳಕವಾಡಿಯ ಎರಡನೇ ರೈಲ್ವೆ ಗೇಟಿನ ಹತ್ತಿರ. ಮದುವೆ ಸೀಸನ್ನಿನಲ್ಲಿ ಒಂದೇ ಲಗ್ನಪತ್ರಿಕೆಯಲ್ಲಿ ಕನ್ನಡ, ಮರಾಠಿ ಎರಡೂ ಬೇಕು ಅಂತ ಬರುತ್ತಾರೆ. ಅಲ್ಲಿ ಕಷ್ಟ ಜಾಸ್ತಿ. ಎರಡೂ ಕಾಂಪ್ಲೆಕ್ಸ್ ಗುಂಪಿನವು, ಆದರೆ ಆ ಗುಂಪಿಗೆ ಒಂದು ಸ್ಟೈಲಿನಲ್ಲಿ ಫಾಂಟ್ ಒಂದೇ. ಎರಡು ಸ್ಟೈಲ್ ಮಾಡಲೇಬೇಕು. ನಿಮ್ಮ ಮೂರು ಭಾಷೆ ಮೂರು ಗುಂಪಿಗೆ ಸೇರಿವೆ. ನಿಮ್ಮದೇ ಸುಲಭ.

ಕನ್ನಡ ಯೂನಿಕೋಡ್‌ನಲ್ಲಿ ಇದೆ ತಾನೇ? ಹಳೆ ನುಡಿಯ ಆಸ್ಕಿ ಫಾಂಟಿನಲ್ಲಿ ಬರೆದಿದ್ದರೆ ರೈಟರ್ ಅದನ್ನು ಇಂಗ್ಲಿಷ್ ಅಂತಲೇ ತಿಳಿಯುತ್ತದೆ. ಆಗ ವೆಸ್ಟರ್ನ್ ಫಾಂಟ್ ಬದಲಿಸಿದ ಕೂಡಲೇ ಕನ್ನಡ ಕಲಸುಮೇಲೋಗರ ಆಗುತ್ತದೆ. ಲಿನಕ್ಸ್‌ನಲ್ಲಿ ನುಡಿಯ ಕೆಜಿಪಿ ಲೇಔಟ್ ಅಭ್ಯಾಸ ಇರುವವರಿಗೆ ಐಬಸ್-ಎಂ17ಎನ್ ಪ್ಯಾಕೇಜಿನಲ್ಲಿ ಅದೇ ಲೇಔಟ್ ಯೂನಿಕೋಡ್‌ಗೆ ಸಿಗುತ್ತದೆ. ಮೊಜ್ಕ್ ಪಕ್ಕದಲ್ಲೇ ಅದನ್ನೂ ಸೇರಿಸಿಕೊಳ್ಳಿ.

ಏಷ್ಯನ್ ಟಿಕ್ ಹಾಕಿದರೆ ಇನ್ನೊಂದು ಲಾಭ ಇದೆ. ಫಾರ್ಮ್ಯಾಟ್ ಮೆನುವಿನಲ್ಲಿ ಏಷ್ಯನ್ ಫೊನೆಟಿಕ್ ಗೈಡ್ ಕಾಣಿಸುತ್ತದೆ. ಕಾಂಜಿಯ ನೆತ್ತಿಯ ಮೇಲೆ ಸಣ್ಣ ಅಕ್ಷರದಲ್ಲಿ ಉಚ್ಚಾರ ಬರೆಯುವ ಸೌಲಭ್ಯ. ಜಪಾನಿಯವರು ಇದನ್ನು ಫುರಿಗಾನ ಅನ್ನುತ್ತಾರೆ. ನೀವು ಆ ಜಾಗದಲ್ಲಿ ಕನ್ನಡವನ್ನೇ ಹಾಕಿ ನೋಡಿ. ಬಿಸಿನೀರು ಎಂಬ ಕಾಂಜಿಯ ಮೇಲೆ ‘ಓಯು’ ಅಂತ ಕನ್ನಡದಲ್ಲಿದ್ದರೆ ಅಡುಗೆಮನೆಯವರೂ ಓದಿ ಹೇಳಬಹುದು. ಮುದ್ರಣಕ್ಕೆ ಕೊಡುವಾಗ ಪಿಡಿಎಫ್ ಮಾಡಿ ಕೊಡಿ. ಫಾಂಟ್ ಅದರೊಳಗೇ ಸೇರಿರುತ್ತದೆ, ಪ್ರೆಸ್ಸಿನವರ ಕಂಪ್ಯೂಟರಿನಲ್ಲಿ ಜಪಾನಿ ಫಾಂಟ್ ಇಲ್ಲದಿದ್ದರೂ ನಡೆಯುತ್ತದೆ.

ಪ್ರಶ್ನೆ: ತಂಗೀ, ನಮ್ಮದು ತಿಕೋಟಾ ಕಡೆ ದ್ರಾಕ್ಷಿ ತೋಟ. ಒಣದ್ರಾಕ್ಷಿ ಆರಿಸುವ ಜಪಾನಿ ಮಷಿನ್ ಒಂದನ್ನು ಪಾಲುದಾರಿಕೆಯಲ್ಲಿ ತಂದಿದ್ದೇವೆ. ಬಿಡಿಭಾಗಗಳ ಪಟ್ಟಿಯನ್ನು ಸಿಎಸ್‌ವಿ ಫೈಲ್ ಮಾಡಿ ಜಿಪ್‌ನಲ್ಲಿ ಕಳಿಸಿದ್ದಾರೆ. ಮೊಮ್ಮಗಳ ಉಬುಂಟು ಲ್ಯಾಪ್‌ಟಾಪಿನಲ್ಲಿ ತೆರೆದರೆ ಫೈಲಿನ ಹೆಸರೂ ಒಳಗಿನ ಅಕ್ಷರವೂ ಗೀಚಿದ ಹಾಗೆ ಬರುತ್ತವೆ. ಅವಳು ಜಪಾನಿ ಫಾಂಟ್ ಹಾಕಿದ್ದಾಳೆ. ಉಪಯೋಗ ಇಲ್ಲ.
— ವಿಜಯಪುರ ಜಿಲ್ಲೆಯ ಹಿರಿಯ ಓದುಗರು

ಉತ್ತರ: ಕಾಕಾ, ನಮಸ್ಕಾರ. ಚೌಕ ಬಂದರೆ ಫಾಂಟ್ ತೊಂದರೆ. ಗೀಚಿದ ಹಾಗೆ ಬಂದರೆ ಎನ್‌ಕೋಡಿಂಗ್, ಅಂದರೆ ಅಕ್ಷರಗಳಿಗೆ ಸಂಖ್ಯೆ ಕೊಡುವ ಪದ್ಧತಿಯ ತೊಂದರೆ. ಮೊಮ್ಮಗಳು ಎಷ್ಟು ಫಾಂಟ್ ಹಾಕಿದರೂ ಇದು ಹೋಗುವುದಿಲ್ಲ. ಜಪಾನಿನ ವಿಂಡೋಸ್‌ನಲ್ಲಿ ತಯಾರಾದ ಎಷ್ಟೋ ಸಿಎಸ್‌ವಿಗಳು ಇನ್ನೂ ಶಿಫ್ಟ್-ಜಿಸ್ ಎಂಬ ಹಳೆ ಪದ್ಧತಿಯಲ್ಲೇ ಇರುತ್ತವೆ. ಲಿನಕ್ಸ್ ಅದನ್ನು ಯೂನಿಕೋಡ್ ಅಂದುಕೊಂಡು ಓದಲು ಹೋಗುತ್ತದೆ.

ಕ್ಯಾಲ್ಕ್‌ನಲ್ಲಿ ಸಿಎಸ್‌ವಿ ತೆರೆಯುವಾಗ ಮೊದಲು ಒಂದು ಕಿಟಕಿ ಬರುತ್ತದಲ್ಲ, ಸುಮ್ನೆ ಓಕೆ ಒತ್ತಿಬಿಡುತ್ತೇವಲ್ಲ, ಅಲ್ಲಿಯೇ ಕ್ಯಾರೆಕ್ಟರ್ ಸೆಟ್ ಅಂತ ಒಂದು ಪಟ್ಟಿ ಇದೆ. ಅದರಲ್ಲಿ ಜಪಾನೀಸ್ ಹೆಸರಿನವು ಹಲವು ಇವೆ. ‘ವಿಂಡೋಸ್-932’ ಆರಿಸಿ. ಓಕೆ ಒತ್ತುವ ಮೊದಲೇ ಕೆಳಗಿನ ಮಾದರಿಯಲ್ಲಿ ಅಕ್ಷರ ಸರಿಯಾಗಿ ಕಾಣುತ್ತದೆ. ಕಾಣದಿದ್ದರೆ ಪಟ್ಟಿಯಲ್ಲಿ ಮುಂದಿನದನ್ನು ನೋಡಿ. ಭಾಗದ ನಂಬರ್ ಸೊನ್ನೆಯಿಂದ ಶುರುವಾಗುವುದಾದರೆ, ಅದೇ ಕಿಟಕಿಯಲ್ಲಿ ಆ ಕಾಲಂ ಮೇಲೆ ಕ್ಲಿಕ್ ಮಾಡಿ ಟೆಕ್ಸ್ಟ್ ಅಂತ ಕೊಡಿ. ಇಲ್ಲದಿದ್ದರೆ ಮೊದಲಿನ ಸೊನ್ನೆ ಹಾರಿಹೋಗಿ ಬೇರೆಯೇ ಭಾಗ ಮನೆಗೆ ಬರುತ್ತದೆ.

ಜಿಪ್ ಒಳಗಿನ ಹೆಸರುಗಳಿಗೆ ಟರ್ಮಿನಲ್ ಬೇಕು. ‘ಅನ್‌ಜಿಪ್’ ಬರೆದು, ಒಂದು ಹೈಫನ್, ಅದಕ್ಕೆ ಅಂಟಿಕೊಂಡು ಇಂಗ್ಲಿಷ್ ದೊಡ್ಡ ಒ, ಆಮೇಲೆ ಜಾಗ ಬಿಟ್ಟು ಸಿಪಿ932, ಕೊನೆಗೆ ಫೈಲಿನ ಹೆಸರು. ಉಬುಂಟುವಿನ ಅನ್‌ಜಿಪ್‌ಗೆ ಇದು ಅರ್ಥ ಆಗುತ್ತದೆ.

ಬೇಕಾದ ಭಾಗಗಳಿಗೆ ಗುರುತು ಹಾಕಿ ಅದೇ ಪಟ್ಟಿಯನ್ನು ವಾಪಸ್ ಕಳಿಸುವುದಿದ್ದರೆ, ಸೇವ್ ಆ್ಯಸ್ ಕಿಟಕಿಯಲ್ಲಿ ‘ಎಡಿಟ್ ಫಿಲ್ಟರ್ ಸೆಟ್ಟಿಂಗ್ಸ್’ ಟಿಕ್ ಮಾಡಿ ಮತ್ತೆ ವಿಂಡೋಸ್-932 ಅನ್ನೇ ಕೊಡಲು ಮೊಮ್ಮಗಳಿಗೆ ಹೇಳಿ. ಗುರುತಿನ ಕಾಲಂನಲ್ಲಿ ಕನ್ನಡ ಮಾತ್ರ ಬರೆಯಬೇಡಿ. 932ರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ, ಎಲ್ಲ ಪ್ರಶ್ನೆ ಚಿಹ್ನೆಗಳಾಗಿ ಹೋಗುತ್ತವೆ. ಬರೀ ಅಂಕಿ ಬರೆಯಿರಿ. ನಿಮಗಾಗಿ ಇಟ್ಟುಕೊಳ್ಳುವ ಪ್ರತಿಯನ್ನು ಓಡಿಎಸ್ ರೂಪದಲ್ಲಿ ಉಳಿಸಿದರೆ ಅದರಲ್ಲಿ ಕನ್ನಡ, ಜಪಾನಿ ಎರಡೂ ಇರಬಹುದು.